ಕುಂಚಿಗೆಯ ಕೂಸು, ಹಿಮದ ಊರು

ಪರದೇಶದಿಂದ ಬಂದ ಸಂಸಾರಗಳು ವಿಜಯಪುರಕ್ಕೆ ಹೊಸತಲ್ಲ. ಆದಿಲಶಾಹಿಗಳ ಕಾಲದಲ್ಲಿ ಇರಾನ, ತುರ್ಕಸ್ಥಾನ, ಅಬಿಸೀನಿಯಗಳಿಂದ ಸೈನಿಕರೂ ಕವಿಗಳೂ ವರ್ತಕರೂ ಬಂದು ಈ ಕೋಟೆಯೊಳಗೆ ನೆಲೆನಿಂತರು. ಆ ಕಾಲದ ಚರಿತ್ರೆಯನ್ನು ಬರೆದಿಟ್ಟ ಫೆರಿಸ್ತಾ ಎಂಬಾತನೇ ಕ್ಯಾಸ್ಪಿಯನ್ ಸಮುದ್ರದ ಕಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಎಳೆಯವನಿರುವಾಗಲೇ ತಂದೆಯ ಜೊತೆಯಲ್ಲಿ ದಖ್ಖಣಕ್ಕೆ ಬಂದವನು. ಆದರೆ ಹೀಗೆ ಬಂದವರ ಮನೆಗಳಲ್ಲಿ ಹೆಂಗಸರು ಕೈಗೂಸುಗಳನ್ನು ಕಟ್ಟಿಕೊಂಡು, ಅರಿಯದ ಭಾಷೆಯ ಪೇಟೆಯಲ್ಲಿ ಹಾಲನ್ನೂ ಮದ್ದನ್ನೂ ಹೇಗೆ ಕೊಂಡರೆಂಬುದನ್ನು ಯಾವ ಇತಿಹಾಸಕಾರನೂ ಬರೆಯುವ ಗೋಜಿಗೆ ಹೋಗಲಿಲ್ಲ. ಬಾಲಕನಾದ ಇಸ್ಮಾಯಿಲ ಆದಿಲಶಹನ ಮೇಲೆ ಒಳಸಂಚು ನಡೆದಾಗ, ಇರಾನದಿಂದ ಬಂದಿದ್ದ ದಿಲಶಾದ್ ಆಗಾ ಎಂಬ ಅವನ ಸೋದರತ್ತೆಯೂ ಮರಾಠಾ ಕುಲದ ಅವನ ತಾಯಿಯೂ ಶಸ್ತ್ರಗಳನ್ನು ಹಿಡಿದು ಅರಮನೆಯನ್ನು ರಕ್ಷಿಸಿದರೆಂಬುದನ್ನು ಮಾತ್ರ ಫೆರಿಸ್ತಾ ವಿಸ್ತಾರವಾಗಿ ಹೇಳುತ್ತಾನೆ. ತಾಯ್ತನದ ಸಾಹಸವು ಗ್ರಂಥವನ್ನು ಸೇರಬೇಕಾದರೆ ಕವಚವನ್ನೇ ಧರಿಸಬೇಕು ಎಂದು ಇದರಿಂದ ತೋರುತ್ತದೆ!

ಈಗ ಹೊರಡುವ ಸರದಿ ನಮ್ಮವರದು. ಗೋಲಗುಮ್ಮಟದ ನೆರಳಿನ ಓಣಿಗಳಿಂದ ಮೊದಲುಮಾಡಿ, ದ್ರಾಕ್ಷಿಯ ತೋಟಗಳೂ ಮನೂಕಿ ಒಣಗಿಸುವ ಶೆಡ್ಡುಗಳೂ ಉದ್ದಕ್ಕೂ ಹಬ್ಬಿದ ತಿಕೋಟಾ ಸೀಮೆಯವರೆಗೆ, ಡೋಣಿಯ ಎರೆಭೂಮಿಯಲ್ಲಿ ಬಿಳಿಜೋಳ ಬೆಳೆಯುವ ಬಬಲೇಶ್ವರದ ಕಡೆಯವರೆಗೆ, ಮಗನೋ ಮಗಳೋ ವಿದೇಶದಲ್ಲಿರುವ ಮನೆಗಳು ಇಂದು ವಿರಳವಲ್ಲ. ಪಡಸಾಲೆಯ ಗೋಡೆಯ ಮೇಲೆ ಹಿಮದಲ್ಲಿ ನಿಂತ ಮೊಮ್ಮಗುವಿನ ಚಿತ್ರವನ್ನು ತೂಗುಹಾಕಿ, ಬಂದವರಿಗೆಲ್ಲ ತೋರಿಸಿ, "ನಮ್ಮ ಮಗಳು ಆರಾಮ ಅದಾಳ್ರಿ" ಎಂದು ಹೇಳುವ ತಾಯಂದಿರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಆರಾಮದೊಳಗೆ ಏನೇನು ಅಡಗಿದೆಯೆಂಬುದನ್ನು ನನ್ನ ಬಂಧುವರ್ಗದ ಹೆಣ್ಣುಮಗಳೊಬ್ಬಳು ದೂರವಾಣಿಯ ಮೇಲೆ ಆಗಾಗ ಹೇಳಿಕೊಂಡುದರಿಂದ ನನಗೆ ತಿಳಿಯಬಂದಿತು. ಅವಳ ತವರು ತಿಕೋಟಾ. ಗಂಡನ ಮನೆ ಬಬಲೇಶ್ವರ. ವಾಸವು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಹೊರವಲಯದ ಒಂದು ಬಾಡಿಗೆಯ ಮನೆಯಲ್ಲಿ. ಗಂಡನು ಮೋಟಾರು ಯಂತ್ರಗಳ ಕೆಲಸದವನು. ಹಿರಿಯದು ಐದು ವರ್ಷದ ಹೆಣ್ಣು, ಕಿರಿಯದು ಈಗತಾನೆ ಓಡಲು ಕಲಿತ ಗಂಡು. ಹೆಸರುಗಳು ಬೇಡವೆಂದು ಅವಳೇ ಕೇಳಿಕೊಂಡಿದ್ದಾಳೆ.

ಮೊದಲನೆಯ ಸಾಹಸವು ಮನೆಯ ಹೊಸ್ತಿಲನ್ನು ದಾಟುವುದು. ವಿಜಯಪುರದಲ್ಲಿ ಬೇಸಗೆಯ ತಾಪವು ನಲವತ್ತು ಅಂಶವನ್ನು ಮೀರುವ ದಿನಗಳಲ್ಲಿ ಚಡ್ಡಿಯೊಂದನ್ನು ತೊಡಿಸಿ, ಅದೂ ಇಲ್ಲದಿದ್ದರೆ ಇಲ್ಲದಂತೆಯೇ, ಕೂಸನ್ನು ಅಂಗಳಕ್ಕೆ ಬಿಟ್ಟರಾಯಿತು. ಅಲ್ಲಿಯೋ ಚಳಿಗಾಲದಲ್ಲಿ ಒಳಅಂಗಿ, ಉಣ್ಣೆಯ ಕಾಲುಚೀಲ, ಮೇಲಂಗಿ, ಅದರ ಮೇಲೆ ಹಿಮದ ಉಡುಪು, ಕೊರಳಪಟ್ಟಿ, ಟೊಪ್ಪಿಗೆ, ಕೈಗವಸು, ಬೂಟು ಎಂದು ಒಂದೊಂದಾಗಿ ತೊಡಿಸುತ್ತ, ದೊಡ್ಡವಳನ್ನು ಮುಗಿಸಿ ಚಿಕ್ಕವನ ಕಡೆಗೆ ತಿರುಗುವಷ್ಟರಲ್ಲಿ ದೊಡ್ಡವಳು ಬೆವತು ಅರ್ಧವನ್ನು ಕಳಚಿರುತ್ತಾಳೆ, ಚಿಕ್ಕವನಿಗೆ ಕೊನೆಯ ಗುಂಡಿಯನ್ನು ಹಾಕುವ ಕ್ಷಣದಲ್ಲಿಯೇ ಶೌಚದ ನೆನಪಾಗುತ್ತದೆ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುವುದರಿಂದ ಬೆಳಕಿರುವಾಗಲೇ ಹೊರಗೆ ಹೋಗಿಬರುವ ಆತುರ ಬೇರೆ. ಜೂನ್ ತಿಂಗಳಲ್ಲಿ ಇದಕ್ಕೆ ವಿಪರೀತವಾಗಿ ರಾತ್ರಿ ಒಂಬತ್ತಾದರೂ ಬಿಸಿಲು ಗೋಡೆಯ ಮೇಲಿರುತ್ತದೆ. ಸೂರ್ಯನು ಮಲಗದೆ ತಾನೇಕೆ ಮಲಗಬೇಕೆಂದು ಕೇಳುವ ಮಗುವಿಗೆ ಉತ್ತರ ಹೇಳಬಲ್ಲ ತಾಯಿ ಇನ್ನೂ ಹುಟ್ಟಿಲ್ಲ. ಒಮ್ಮೆ ಬಸ್ಸಿನ ತಂಗುದಾಣದಲ್ಲಿ ಚಿಕ್ಕವನ ಟೊಪ್ಪಿಗೆ ಜಾರಿದ್ದನ್ನು ಕಂಡ ಅಪರಿಚಿತ ಮುದುಕಿಯೊಬ್ಬಳು ತಾಯಿಯನ್ನು ಚೆನ್ನಾಗಿಯೇ ಗದರಿಸಿದಳಂತೆ. ಅಪಮಾನವಾಗಬೇಕಾದ ಆ ಗಳಿಗೆಯಲ್ಲಿ ಇವಳಿಗೆ ನಗು ಬಂದಿತು. ಕೂಸಿನ ತಲೆಗೆ ಕುಂಚಿಗೆ ಕಟ್ಟಿಲ್ಲವೆಂದು ಬಬಲೇಶ್ವರದ ಅತ್ತೆಯೂ ಅದೇ ಧಾಟಿಯಲ್ಲಿ ಗದರುತ್ತಿದ್ದಳು.

ಬಾಣಂತಿತನದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯ ತಾಯಂದಿರಿಗೆ ಎಲ್ಲಕ್ಕೂ ಮಿಗಿಲಾದ ಚಿಂತೆಯೆಂದರೆ ಅದೇ. ಮೊದಲನೆಯ ಹೆರಿಗೆ ತವರಿನಲ್ಲಾಯಿತು: ಹೊರಸಿನ ಕೆಳಗೆ ಕೆಂಡ, ಎಣ್ಣೆನೀರು, ಅಳವಿಯ ಉಂಡೆ, ಬಜೆ ತೇಯ್ದು ನೆಕ್ಕಿಸುವ ಅಜ್ಜಿ, ಓಣಿಯಿಂದ ಬಂದು ತೊಟ್ಟಿಲು ತೂಗುವ ಹತ್ತು ಕೈಗಳು. ಎರಡನೆಯದು ಸ್ಟುಟ್‌ಗಾರ್ಟಿನಲ್ಲಿ. ಅಲ್ಲಿ ಇವಳನ್ನು ಬೆರಗುಗೊಳಿಸಿದ್ದು ಆಸ್ಪತ್ರೆಯ ಯಂತ್ರೋಪಕರಣಗಳಲ್ಲ, ಮನೆಯ ಬಾಗಿಲಿಗೆ ಬಂದ ಸೂಲಗಿತ್ತಿ. ತರಬೇತಿ ಪಡೆದು ಸರಕಾರದ ಮಾನ್ಯತೆಯನ್ನು ಹೊಂದಿದ ಇಂತಹ ದಾದಿಯು ಹೆರಿಗೆಯ ಬಳಿಕ ಮೊದಲ ಹತ್ತು ದಿನ ಬೇಕಿದ್ದರೆ ನಿತ್ಯವೂ, ಅನಂತರ ಹನ್ನೆರಡು ವಾರಗಳವರೆಗೆ ಅವಶ್ಯವಿದ್ದಾಗಲೂ ಮನೆಗೆ ಬಂದು, ಕೂಸಿನ ತೂಕ ನೋಡಿ, ಹೊಕ್ಕುಳನ್ನು ಪರೀಕ್ಷಿಸಿ, ತಾಯಿಯ ಅಳಲನ್ನೂ ಕೇಳಿ ಹೋಗುತ್ತಾಳೆ. ಇದರ ವೆಚ್ಚವನ್ನು ಆರೋಗ್ಯ ವಿಮೆಯೇ ಭರಿಸುತ್ತದೆ. ನಾವು ಸೂಲಗಿತ್ತಿಯನ್ನು ಹಿಂದುಳಿದ ಕಾಲದ ಕುರುಹೆಂದು ಬಗೆದು ಮರೆಯುತ್ತಿರುವಾಗ ಯಂತ್ರಗಳ ನಾಡೊಂದು ಅವಳನ್ನು ಶಾಸ್ತ್ರಬದ್ಧಳನ್ನಾಗಿ ಮಾಡಿ ಉಳಿಸಿಕೊಂಡಿದೆಯೆಂಬುದು ವಿಚಾರಾರ್ಹವಾದ ಸಂಗತಿ. ಆದರೆ ದಾದಿಯು ಹೊರಟುಹೋದ ಮೇಲೆ ಮಧ್ಯಾಹ್ನವೆಲ್ಲ ಮನೆಯಲ್ಲಿ ಉಳಿಯುವವರು ತಾಯಿ, ಹಸುಗೂಸು, ತಮ್ಮನ ಮೇಲೆ ಮುನಿದ ಅಕ್ಕ, ಮೂವರೇ. ತಿಕೋಟಾದಲ್ಲಿ ಒಂದು ಓಣಿಯೇ ಹಂಚಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಒಬ್ಬಳೇ ಮಾಡಬೇಕು. ಪರದೇಶವಾಸದ ಕಷ್ಟವೆಲ್ಲ ಬಹುಮಟ್ಟಿಗೆ ಇಷ್ಟರಲ್ಲಿಯೇ ಅಡಗಿದೆ. ಚಳಿಯೂ ಭಾಷೆಯೂ ಆಮೇಲಿನ ಮಾತು.

ಮಗಳನ್ನು ಶಿಶುವಿಹಾರಕ್ಕೆ ಸೇರಿಸುವ ಪ್ರಸಂಗವು ಬಂದಿತು. ಫ್ರೆಡರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು 1837ರಲ್ಲಿ ತುರಿಂಗಿಯ ಪ್ರಾಂತದ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಆರಂಭಿಸಿದ ಕಾರ್ಯದಿಂದ ಕಿಂಡರ್‌ಗಾರ್ಟನ್ ಪದ್ಧತಿಯು ಜಗತ್ತಿಗೆಲ್ಲ ಹರಡಿತೆಂಬುದೂ, 1851ರಲ್ಲಿ ಪ್ರಷ್ಯದ ಸರಕಾರವು ಅದರಲ್ಲಿ ಏನೋ ಅಪಾಯವನ್ನು ಕಂಡು ಸುಮಾರು ಒಂದು ದಶಕದವರೆಗೆ ಅದನ್ನು ನಿಷೇಧಿಸಿತ್ತೆಂಬುದೂ ಬಲ್ಲವರಿಗೆ ಗೊತ್ತು. ಆ ಹೆಸರನ್ನು ಎರವಲು ಪಡೆದ ನಮ್ಮ ಊರುಗಳ ಎಷ್ಟೋ ಶಾಲೆಗಳಲ್ಲಿ ಅಳುವ ಮಗುವನ್ನು ಆಟೋರಿಕ್ಷಾದಿಂದ ಎತ್ತಿಕೊಂಡು ಒಳಗೊಯ್ದು ಬಾಗಿಲು ಮುಚ್ಚುವುದು ರೂಢಿ. ಮೂರು ದಿನ ಅತ್ತು ನಾಲ್ಕನೆಯ ದಿನ ಸುಮ್ಮನಾಗುತ್ತದೆಂಬುದು ನಮ್ಮ ಮನಶ್ಶಾಸ್ತ್ರ. ಅಲ್ಲಿ ಹಾಗಲ್ಲ. ಮೊದಲ ಕೆಲವು ದಿನ ತಾಯಿಯೂ ಮಗುವಿನೊಡನೆ ಬಂದು ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂಡತಕ್ಕದ್ದು. ಆಮೇಲೆ ಕ್ಷಣಕಾಲ ಹೊರಗೆ ಹೋಗಿ ಬರತಕ್ಕದ್ದು. ಮಗುವು ಅತ್ತರೆ ಶಿಕ್ಷಕಿಯ ಮಾತಿನಿಂದ ಸಮಾಧಾನಗೊಳ್ಳುತ್ತದೆಯೋ ಎಂದು ನೋಡಿ, ಅಗಲಿಕೆಯ ಅವಧಿಯನ್ನು ಸಾವಕಾಶವಾಗಿ ಬೆಳೆಸುತ್ತ ಹೋಗತಕ್ಕದ್ದು. ಹೀಗೆ ವಾರಗಟ್ಟಲೆ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತ ನಮ್ಮ ತಿಕೋಟಾದ ಎಂಜಿನಿಯರ್ ಪದವೀಧರೆಯು ಜರ್ಮನ್ ಭಾಷೆಯನ್ನು ಕಲಿತದ್ದು ಅಲ್ಲಿಯೇ, ಮೂರು ವರ್ಷದ ಮಕ್ಕಳ ಬಾಯಿಂದ. ಮಗಳು ಬಹುಬೇಗ ಒಗ್ಗಿಕೊಂಡಳು. ಅಗಲಿಕೆಯನ್ನು ಅಭ್ಯಾಸಮಾಡಿಕೊಳ್ಳಲು ತಡವಾದದ್ದು ತಾಯಿಗೆ ಎಂದು ಶಿಕ್ಷಕಿಯು ನಕ್ಕಳಂತೆ.

ಮಳೆ ಬಂದರೆ ಮಕ್ಕಳನ್ನು ಒಳಗೆ ಕರೆಯುವುದು ನಮ್ಮ ಪದ್ಧತಿ; ರಬ್ಬರಿನ ಬೂಟನ್ನೂ ಕೆಸರಿನ ಚಲ್ಲಣವನ್ನೂ ತೊಡಿಸಿ ಹೊರಗೆ ಅಟ್ಟುವುದು ಅವರದು. ಗೋಡೆಯೇ ಇಲ್ಲದೆ ಅಡವಿಯಲ್ಲಿ ನಡೆಯುವ ಶಿಶುವಿಹಾರಗಳೂ ಅಲ್ಲಿ ಉಂಟು. 1993ರಲ್ಲಿ ಫ್ಲೆನ್ಸ್‌ಬುರ್ಗಿನಲ್ಲಿ ಅಂತಹದೊಂದಕ್ಕೆ ಮಾನ್ಯತೆ ದೊರೆತ ತರುವಾಯ ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಕೆಸರು ಮೆತ್ತಿದ ಮಗಳನ್ನು ಮೊದಲ ಸಲ ಕಂಡಾಗ ತಾಯಿಗೆ ಗಾಬರಿಯಾದರೂ, ಮುಂಗಾರಿನ ಹೊಲದಲ್ಲಿ ತಾನು ಎರೆಮಣ್ಣನ್ನು ಮೊಣಕಾಲಿನವರೆಗೆ ಮೆತ್ತಿಕೊಂಡು ಬಂದ ದಿನಗಳ ಸ್ಮರಣೆಯು ಆ ಗಾಬರಿಯನ್ನು ಕಳೆಯಿತು.

ಆ ನಾಡಿನ ನಿಯಮಗಳು ಹಲವು. ಸ್ಟುಟ್‌ಗಾರ್ಟಿನ ಸುತ್ತಿನ ಶ್ವಾಬಿಯ ಸೀಮೆಯಲ್ಲಿ, ಹದಿನೈದನೆಯ ಶತಮಾನದಷ್ಟು ಹಿಂದಿನ ನಗರಶಾಸನಗಳವರೆಗೆ ಬೇರು ಚಾಚಿದ ಒಂದು ವಾರಸರದಿಯ ಪದ್ಧತಿಯುಂಟು: ಒಂದು ಕಟ್ಟಡದಲ್ಲಿ ವಾಸಿಸುವ ಕುಟುಂಬಗಳು ಮೆಟ್ಟಿಲನ್ನೂ ಮುಂದಿನ ಹಾದಿಯನ್ನೂ ವಾರಕ್ಕೊಬ್ಬರಂತೆ ಗುಡಿಸಿ ಒರೆಸಬೇಕು, ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಹಲಗೆ ತಮ್ಮ ಬಾಗಿಲಿಗೆ ಬಂದ ವಾರ ಮಕ್ಕಳಿಗೆ ಹಬ್ಬ. ಚಿಕ್ಕವನು ಕಸಬರಿಗೆಯನ್ನು ಕುದುರೆ ಮಾಡಿದನು, ದೊಡ್ಡವಳು ನೀರನ್ನು ಮೂರು ಅಂತಸ್ತು ಇಳಿಯಬಿಟ್ಟಳು; ತಾಯಿಯು ಎಲ್ಲವನ್ನೂ ಒರೆಸಿದ ಬಳಿಕ, ಅಂಗಳ ಸಾರಿಸಿದ ಮೇಲೆ ಮಾಡಬೇಕಾದ ಕೆಲಸವೊಂದು ಬಾಕಿಯಿದೆಯೆಂದು ಕೈ ತಾನಾಗಿ ನೆನೆದುದರಿಂದ, ಹೊಸ್ತಿಲ ಮುಂದೆ ನಾಲ್ಕೆಳೆಯ ರಂಗೋಲಿಯನ್ನು ಎಳೆದಳು. ಕೆಳಗಿನ ಮನೆಯ ವೃದ್ಧ ಗೃಹಸ್ಥನು ಬಂದು ದೀರ್ಘಕಾಲ ಅದನ್ನು ದಿಟ್ಟಿಸಿ ನೋಡಿ, ಇದು ಕೊಳೆಯೋ ಅಲಂಕಾರವೋ ಎಂದು ಕೇಳಿ, ಅಲಂಕಾರವೆಂದು ತಿಳಿದ ಮೇಲೆ ಅದನ್ನು ತುಳಿಯದೆ ದಾಟಿಹೋದನಂತೆ. ಅಲ್ಲಿಂದ ಮುಂದೆ ಭಾನುವಾರ ಹಾಲು ತೀರಿದಾಗ ಕೊಡುವ ಮನೆ ಅದೇ ಆಯಿತು. ಏಕೆಂದರೆ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಆ ದೇಶದ ಸಂವಿಧಾನವೇ ಕಾಪಾಡುವುದರಿಂದ, ರೈಲುನಿಲ್ದಾಣ ಮತ್ತು ಪೆಟ್ರೋಲ್ ಬಂಕುಗಳನ್ನು ಬಿಟ್ಟರೆ ಅಂಗಡಿಗಳ ಬಾಗಿಲು ತೆರೆಯುವುದೇ ಅಪರೂಪ.

ಮಿಠಾಯಿಯ ವಿಷಯವೂ ಸಣ್ಣದೆಂದು ತಿಳಿಯಬಾರದು. ಅಲ್ಲಿಯ ಮಕ್ಕಳು ಒಬ್ಬರಿಗೊಬ್ಬರು ಹಂಚುವ ಬಣ್ಣಬಣ್ಣದ ಮೆತ್ತನೆಯ ಮಿಠಾಯಿಗಳಲ್ಲಿ ಬಹುಪಾಲು ಜೆಲಾಟಿನ್ ಬೆರೆತಿರುತ್ತದೆ. ಅದನ್ನು ತಯಾರಿಸುವುದು ಹೆಚ್ಚಾಗಿ ಹಂದಿಯ ಚರ್ಮದಿಂದ. ಲಿಂಗಾಯತ ಮನೆತನದ ಈ ತಾಯಿ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ವಕೀಲನು ದಸ್ತಾವೇಜನ್ನು ಓದುವ ಎಚ್ಚರದಿಂದ ಓದುವುದನ್ನು ಕಲಿತಳು. ಐದು ವರ್ಷದ ಮಗಳು ಈಗ ಹುಟ್ಟುಹಬ್ಬದ ಕೂಟಗಳಲ್ಲಿ ತಾನೇ ಮುಂದಾಗಿ ವಿಚಾರಿಸಿ, ತನಗೆ ಸಲ್ಲದ್ದನ್ನು ಗೆಳತಿಗೆ ಕೊಟ್ಟು, ಬದಲಿಗೆ ಚಾಕಲೇಟನ್ನು ಪಡೆಯುತ್ತಾಳೆ. ಊರಿನಿಂದ ಹೋಗುವ ಮನೂಕಿಯ ಚೀಲಕ್ಕೆ ಆ ಶಿಶುವಿಹಾರದಲ್ಲಿ ಒಳ್ಳೆಯ ಹೆಸರಿದೆಯಂತೆ.

ಒಂದು ಶನಿವಾರ ರಾತ್ರಿ ಚಿಕ್ಕವನು ಹಸಿ ಬಟಾಣಿಯ ಕಾಳೊಂದನ್ನು ಮೂಗಿನೊಳಗೆ ತೂರಿಸಿಕೊಂಡನು. ಗಂಡನು ಕೆಲಸದ ನಿಮಿತ್ತ ಪರಸ್ಥಳದಲ್ಲಿದ್ದನು. ವಿಜಯಪುರದಲ್ಲಾಗಿದ್ದರೆ ನೆರೆಯವರೆಲ್ಲ ನೆರೆದು, ಒಬ್ಬರು ನಶ್ಯ ತಂದು, ಇನ್ನೊಬ್ಬರು ಬೆನ್ನು ಗುದ್ದಿ, ಮತ್ತೊಬ್ಬರು ಮೋಟಾರುಸೈಕಲನ್ನು ಹೊರಗೆ ತೆಗೆದು, ಗದ್ದಲದ ನಡುವೆ ಹೇಗೋ ವೈದ್ಯರಲ್ಲಿಗೆ ತಲುಪುತ್ತಿದ್ದರು. ಅಲ್ಲಿ ಅವಳು ಸ್ಮರಿಸಿಕೊಂಡದ್ದು ಒಂದು ಅಂಕಿ: 116117. ಪ್ರಾಣಾಪಾಯದ ಸಂದರ್ಭಕ್ಕೆ 112 ಇದ್ದಂತೆ, ರಜಾದಿನಗಳಲ್ಲಿಯೂ ರಾತ್ರಿಯಲ್ಲಿಯೂ ಉಳಿದ ಕಾಯಿಲೆಗಳಿಗೆ ವೈದ್ಯರನ್ನು ಗೊತ್ತುಮಾಡಿಕೊಡುವ ಸಂಖ್ಯೆ ಅದು. ಬಟಾಣಿಗೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೆಂಬುದು ಆ ಗಾಬರಿಯಲ್ಲಿ ಮರೆತುಹೋಗಿ ಅವಳು ತಡವರಿಸುತ್ತಿದ್ದಾಗ, ಪಕ್ಕದಲ್ಲಿ ನಿಂತ ಮಗಳು ದೂರವಾಣಿಯನ್ನು ಕಸಿದುಕೊಂಡು, ಸ್ಪಷ್ಟವಾದ ಶ್ವಾಬಿಯನ್ ಉಚ್ಚಾರಣೆಯಲ್ಲಿ, ತನ್ನ ತಮ್ಮನು ಎಂತಹ ಮೂರ್ಖನೆಂಬ ಟಿಪ್ಪಣಿಯೊಡನೆ, ಎಲ್ಲವನ್ನೂ ನಿವೇದಿಸಿದಳು. ವೈದ್ಯನು ಕಾಳನ್ನು ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಹಬ್ಬಗಳ ವಿಚಾರದಲ್ಲಿ ಆ ತಾಯಿಯ ಜಾಣ್ಮೆಯನ್ನು ನಾನು ಮೆಚ್ಚಿದ್ದೇನೆ. ನವೆಂಬರ್ 11ರಂದು, ಸಂತ ಮಾರ್ಟಿನನ ಹೆಸರಿನಲ್ಲಿ, ಅಲ್ಲಿಯ ಮಕ್ಕಳು ತಾವೇ ಮಾಡಿದ ಕಾಗದದ ಕಂದೀಲುಗಳನ್ನು ಕೋಲಿಗೆ ಸಿಕ್ಕಿಸಿಕೊಂಡು, ಕತ್ತಲಲ್ಲಿ ಹಾಡುತ್ತ ಮೆರವಣಿಗೆ ಹೋಗುತ್ತಾರೆ. ಹೆಚ್ಚು ಕಡಿಮೆ ಅದೇ ಋತುವಿನಲ್ಲಿ ನಮ್ಮ ಕಡೆ ಗೌರಿ ಹುಣ್ಣಿಮೆ ಬರುತ್ತದೆ. ಸಕ್ಕರೆಯ ಗೊಂಬೆಗಳನ್ನು ಆರತಿಯ ತಟ್ಟೆಯಲ್ಲಿಟ್ಟುಕೊಂಡು ಹೊಸ ಲಂಗದ ಹುಡುಗಿಯರು ಗೌರಿಯ ಗುಡಿಗೆ ನಡೆಯುವ ಆ ಸಂಜೆಯನ್ನು ತಿಕೋಟಾದಲ್ಲಿ ಬೆಳೆದ ಯಾವ ಹೆಣ್ಣೂ ಮರೆಯಲಾರಳು. ಇವಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ತವರಿನಿಂದ ಬಂದ ಸಕ್ಕರೆಯ ಗೊಂಬೆಯನ್ನು ತಟ್ಟೆಯಲ್ಲಿಟ್ಟು ಮನೆಯಲ್ಲಿ ಆರತಿ ಮಾಡಿಸಿ, ಅದೇ ಮಗಳ ಕೈಗೆ ಕಂದೀಲನ್ನು ಕೊಟ್ಟು ಬೀದಿಗೆ ಕಳುಹಿಸಿದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಆಟದ ಮೈದಾನದ ಮಣ್ಣಿನಿಂದ ಎತ್ತುಗಳನ್ನು ಮಾಡಿದಾಗ ನೆರೆಯ ಮಕ್ಕಳೂ ಕೂಡಿಕೊಂಡರು. ಒಬ್ಬನು ಮಾತ್ರ ಎತ್ತು ಬೇಡವೆಂದು ಟ್ರ್ಯಾಕ್ಟರನ್ನು ಮಾಡಿದನು. ಬಬಲೇಶ್ವರದಲ್ಲಿಯೂ ಈಗ ಉಳುವುದು ಬಹುಮಟ್ಟಿಗೆ ಅದರಿಂದಲೇ ಆದುದರಿಂದ ಅದಕ್ಕೂ ಪೂಜೆ ಸಂದಿತು.

ಇನ್ನು ಭಾಷೆ. ಮನೆಯಿಂದ ಹೊರಗೆ ಅಡಿಯಿಟ್ಟ ಮಗುವು ಕೆಲವೇ ತಿಂಗಳಲ್ಲಿ ಬೀದಿಯ ಭಾಷೆಯನ್ನು ಕೈವಶಮಾಡಿಕೊಂಡು, ತಾಯಿಯು ಕನ್ನಡದಲ್ಲಿ ಕೇಳಿದುದಕ್ಕೆ ಜರ್ಮನ್‌ನಲ್ಲಿ ಉತ್ತರಿಸತೊಡಗುತ್ತದೆ. ಇದು ಎಲ್ಲ ವಲಸೆಯ ಮನೆಗಳ ಅನುಭವ. ಎರಡು ಭಾಷೆಗಳಿಂದ ಮಗುವಿನ ಬುದ್ಧಿ ಗೊಂದಲಗೊಳ್ಳುತ್ತದೆಂಬ ಹಳೆಯ ಭಯಕ್ಕೆ ಆಧಾರವಿಲ್ಲ. ಫ್ರಾನ್ಸಿನ ಝೂಲ್ ರೊಂಝಾ ಎಂಬ ಭಾಷಾವಿದ್ವಾಂಸನು ತಾನು ಫ್ರೆಂಚನ್ನೂ ತನ್ನ ಜರ್ಮನ್ ಹೆಂಡತಿಯು ಜರ್ಮನ್ನನ್ನೂ ಮಾತ್ರ ಆಡುತ್ತ ಬೆಳೆಸಿದ ತಮ್ಮ ಮಗನು ಎರಡನ್ನೂ ಸರಾಗವಾಗಿ ಕಲಿತ ಬಗೆಯನ್ನು 1913ರಷ್ಟು ಹಿಂದೆಯೇ ಗ್ರಂಥವಾಗಿ ಪ್ರಕಟಿಸಿದ್ದಾನೆ. ಫ್ರಾಂಕ್‌ಫರ್ಟಿನ ಕಡೆಯ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್ಕಿನ ಸಿರಿಗನ್ನಡಕೂಟ ಮೊದಲಾದ ಸಂಸ್ಥೆಗಳು ರಾಜ್ಯೋತ್ಸವ ಯುಗಾದಿಗಳಿಗೆ ಮಕ್ಕಳನ್ನು ಒಟ್ಟುಗೂಡಿಸುತ್ತಿರುವುದು ಸ್ತುತ್ಯವಾದ ಕಾರ್ಯ. ಅಕ್ಷರವನ್ನು ಸಂಘಗಳು ಕಲಿಸಲಿ. ಮಾತನ್ನು ಕಲಿಸುವವರು ಮನೆಯವರೇ. ನನ್ನ ಅಭಿಪ್ರಾಯದಲ್ಲಿ ಆ ಮಗಳ ಪರಮೋತ್ತಮ ಕನ್ನಡ ಗುರುವು ಜರ್ಮನ್ ಭಾಷೆಯ ಗಂಧವೂ ಇಲ್ಲದ ಬಬಲೇಶ್ವರದ ಅಜ್ಜಿ. ಅವಳಿಗೆ ಏನನ್ನಾದರೂ ತಿಳಿಸಬೇಕಾದರೆ ಮಗುವಿಗೆ ಅನ್ಯ ಮಾರ್ಗವೇ ಇಲ್ಲ.

ಇದೇ ಸ್ಟುಟ್‌ಗಾರ್ಟಿನ ಆಸುಪಾಸಿನ ನೆಲಕ್ಕೂ ನಮಗೂ ಹಳೆಯ ನಂಟಿದೆ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಆ ಸೀಮೆಯ ಬ್ರಾಕೆನ್‌ಹೈಮಿನಲ್ಲಿ. 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಕಿಟೆಲ್ಲರು 1903ರಲ್ಲಿ ತೀರಿಕೊಂಡದ್ದು ಸಮೀಪದ ಟ್ಯೂಬಿಂಗೆನ್ನಿನಲ್ಲಿ. ಈ ಪಾದ್ರಿಗಳ ಹೆಸರು ನಮಗೆ ಕಂಠಪಾಠ; ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಬಿಸಿಲಿನಲ್ಲಿ ಮಕ್ಕಳನ್ನು ಹೆತ್ತ ಅವರ ಬಳಗದ ಹೆಂಗಸರನ್ನು ನೆನೆಯುವವರು ಕಡಿಮೆ. ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸಬೇಕೆಂಬುದು ಈ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಏರ್ಪಾಡಾಗಿದ್ದು, ಅಂತಹ ಮಕ್ಕಳಿಗಾಗಿ ಬಾಸೆಲ್ಲಿನಲ್ಲಿ ವಸತಿಗೃಹಗಳಿದ್ದವು. ಮೋಗ್ಲಿಂಗನ ಗೆಳೆಯ ಗುಂಡರ್ಟನ ಮಗಳು ಮೇರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ತೀರ ಎಳೆಯವಳಿರುವಾಗಲೇ ಹಾಗೆ ಯೂರೋಪಿನಲ್ಲಿ ಬಿಡಲ್ಪಟ್ಟವಳು; ಮುಂದೆ ಆಕೆಯೇ ಹರ್ಮನ್ ಹೆಸ್ಸೆ ಎಂಬ ಪ್ರಖ್ಯಾತ ಕಾದಂಬರಿಕಾರನ ತಾಯಿಯಾದಳು. ಅಂದು ತಾಯಿಮಕ್ಕಳ ನಡುವೆ ಓಡಾಡುತ್ತಿದ್ದ ಪತ್ರಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು. ಅದನ್ನು ನೆನೆದರೆ ಇಂದಿನ ಚಲಚ್ಚಿತ್ರದ ದೂರವಾಣಿಯನ್ನು ಹಳಿಯಲು ನನಗೆ ಮನಸ್ಸು ಬಾರದು.

ಪರಸ್ಥಳವನ್ನು ಮುಟ್ಟಲು ವಿಮಾನವೇ ಬೇಕೆಂದಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವೆಯ ಕಟ್ಟಡದ ಕೆಲಸಗಳಿಗೆ ಗುಳೆ ಹೋಗುವ ತಾಯಂದಿರು ಕೂಸನ್ನು ಸೀರೆಯ ಜೋಲಿಯಲ್ಲಿ ತೂಗಿ, ಉಸುಕಿನ ರಾಶಿಯ ಪಕ್ಕದಲ್ಲಿ ಮಲಗಿಸಿ, ಕೊಂಕಣಿ ಮರಾಠಿಗಳನ್ನು ಕಿವಿಯಿಂದಲೇ ಕಲಿತು ಸಂಸಾರ ನಡೆಸುತ್ತಾರೆ. 1961ರ ಡಿಸೆಂಬರಿನವರೆಗೆ ಪೋರ್ತುಗೀಜರ ಆಳ್ವಿಕೆಯಲ್ಲಿದ್ದ ಗೋವೆಯು ಅಕ್ಷರಶಃ ಪರದೇಶವೇ ಆಗಿದ್ದಿತು. ಇವರಿಗೆ ಮನೆಗೆ ಬರುವ ದಾದಿಯಿಲ್ಲ, ಹೊಂದಿಸಿಕೊಳ್ಳಲು ವಾರಗಟ್ಟಲೆ ಅವಕಾಶ ಕೊಡುವ ಶಿಶುವಿಹಾರವಿಲ್ಲ. 1975ರಿಂದ ನಡೆದುಬಂದ ಅಂಗನವಾಡಿಯ ಲಾಭವು ಊರು ಬಿಟ್ಟ ಮಗುವಿಗೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಸ್ಟುಟ್‌ಗಾರ್ಟಿನ ತಾಯಿಗೆ ಆ ದೇಶದ ವ್ಯವಸ್ಥೆಯು ಒದಗಿಸಿದುದರಲ್ಲಿ ನಾಲ್ಕನೆಯ ಒಂದು ಪಾಲನ್ನಾದರೂ ನಮ್ಮ ಸರಕಾರಗಳು ಗುಳೆಯ ತಾಯಿಗೆ ಒದಗಿಸಬೇಕಾದುದು ನ್ಯಾಯ.

ಮಕ್ಕಳು ವಿದೇಶದಲ್ಲಿರುವ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಪ್ರವಾಸಿಯ ರಹದಾರಿಯ ಮೇಲೆ ಅಜ್ಜಿಯು ಜರ್ಮನಿ ಮೊದಲಾದ ಆ ಕಡೆಯ ದೇಶಗಳಲ್ಲಿ ಇರಬಹುದಾದದ್ದು ಪ್ರತಿ 180 ದಿನಗಳಲ್ಲಿ 90 ದಿನ ಮಾತ್ರ. ಉಳಿದ ಕಾಲವೆಲ್ಲ ದೂರವಾಣಿಯಿಂದಲೇ ಸಾಗಬೇಕು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅವರದಕ್ಕಿಂತ ನಾಲ್ಕೂವರೆ ತಾಸು ಮುಂದೆ, ಬೇಸಗೆಯಲ್ಲಿ ಮೂರೂವರೆ ತಾಸು; ನಮ್ಮ ರಾತ್ರಿಯ ಅಡುಗೆಯ ಹೊತ್ತು ಮಕ್ಕಳು ಶಿಶುವಿಹಾರದಿಂದ ಮನೆಗೆ ಬಂದಿರುವ ಹೊತ್ತು. ಆಗ ಕರೆಮಾಡಿ, ಎಷ್ಟನೆಯ ಇಯತ್ತೆ, ಎಷ್ಟು ಅಂಕವೆಂದು ಪರೀಕ್ಷೆ ಮಾಡುವುದನ್ನು ಬಿಟ್ಟು, ದೂರವಾಣಿಯನ್ನು ಒಲೆಯ ಬದಿಗೆ ನಿಲ್ಲಿಸಿ, ರೊಟ್ಟಿ ಬಡಿಯುತ್ತಲೇ, ನಮ್ಮ ಊರಿನ ಆಡುಮಾತಿನಲ್ಲಿ ಒಂದು ಕಥೆಯನ್ನು ಹೇಳಿರಿ. ತಾಯಿಗೆ ಅಷ್ಟು ಹೊತ್ತು ಬಿಡುವು ದೊರೆಯುತ್ತದೆ.